ಅಲ್ಲಾಡದ ಕಲ್ಲು

ನಮ್ಮ ಸೊಸೆ ಬಾಗಿಲ ಮುಂದೆ ಕುಕ್ಕರುಗಾಲಲ್ಲಿ ಕೂತು ಮೆಟ್ಟಿಲು ಕಲ್ಲಿಗೆ ಕೆಂಪು ಬಣ್ಣ ಬಳಿಯುತ್ತಿದ್ದದ್ದನ್ನು ಬೀದಿಯವರೆಲ್ಲ ನೋಡಿದ ಮೇಲೆ ಕೊನೆಗೆ ನೋಡಿದವಳು ನಾನು. ಒಳಗೆ ಒಲೆಯ ಮೇಲೆ ಬೇಳೆ ಇಟ್ಟು ಆಲೂಗಡ್ಡೆ ಹೆಚ್ಚುತ್ತಿದ್ದೆ. ಎದುರುಮನೆಯ ಇಸ್ತ್ರಿಯವನ ಹೆಂಡತಿ ಕಿಟಕಿಯ ಹತ್ತಿರ ಬಂದು, "ಏನಕ್ಕ, ನಿಮ್ಮನೆಗೆ ಗುರುತು ಬಿತ್ತಂತಲ್ಲ?" ಎಂದಳು. ಕೈಯಲ್ಲಿದ್ದ ಚಾಕು ಹಾಗೇ ನಿಂತಿತು.

ಗುರುತು ಎಂದರೆ ಏನೆಂದು ನಮ್ಮ ಬೀದಿಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿರುವ ಅರ್ಧ ಜನ ಹಳೇ ಮಾರ್ಕೆಟ್ ರಸ್ತೆಯಿಂದ ಎದ್ದು ಬಂದವರು. ಅಲ್ಲಿ ರಸ್ತೆ ಅಗಲ ಮಾಡುತ್ತೇವೆ ಎಂದು ಬಂದವರು ಮೊದಲು ಮಾಡಿದ ಕೆಲಸವೇ ಮನೆಮನೆಯ ಗೋಡೆಗೆ ಕೆಂಪು ಗೆರೆ ಎಳೆದದ್ದು. ಬರೀ ಗುರುತು, ಏನೂ ಆಗುವುದಿಲ್ಲ ಎಂದು ನಗುನಗುತ್ತಾ ಹೇಳಿ, ನಮ್ಮ ಮನೆಯಲ್ಲೇ ಟೀ ಕುಡಿದು ಹೋದರು. ಆಮೇಲೆ ಬುಲ್ಡೋಜರ್ ಬಂತು. ಆ ಟೀ ಲೋಟಗಳನ್ನು ನಾನೇ ತೊಳೆದಿದ್ದೆ. ಆ ಸಿಟ್ಟು ಇನ್ನೂ ಹೋಗಿಲ್ಲ.

ಒದ್ದೆ ಕೈಯಲ್ಲೇ ಹೊರಗೆ ಬಂದೆ. ಕಲ್ಲಿನ ಬೀದಿ ಕಡೆಯ ಅಂಚಿನಲ್ಲಿ, ಮೂಲೆಗೆ, ಅಂಗೈಯಗಲದ ಕೆಂಪು ಚೌಕ ಹೊಳೆಯುತ್ತಿತ್ತು. ಸೊಸೆ ಬ್ರಷ್ಷನ್ನು ಹಳೇ ಬಟ್ಟೆಗೆ ಒರೆಸುತ್ತಿದ್ದಳು.

"ಇದೇನಮ್ಮ ಮಾಡಿಟ್ಟಿದ್ದೀಯ?"

"ಕ್ಲಾಸಿನ ಕೆಲಸ ಅತ್ತೆ. ನಮ್ಮ ಬೀದಿ ಎಲ್ಲಿ ಎತ್ತರ, ಎಲ್ಲಿ ತಗ್ಗು ಅಂತ ಅಳೀಬೇಕು. ಎಲ್ಲಿಂದಾದ್ರೂ ಶುರು ಮಾಡ್ಬೇಕಲ್ಲ, ಅದಕ್ಕೊಂದು ಗುರುತು."

"ಅದಕ್ಕೆ ನಮ್ಮನೇನೇ ಆಗ್ಬೇಕಿತ್ತಾ?"

"ಬೀದೀಲಿ ಅಲ್ಲಾಡದೇ ಇರೋ ಒಂದು ಜಾಗ ನೋಡ್ಕೊಳ್ಳಿ ಅಂದ್ರು ಮೇಡಂ. ಲೈಟ್ ಕಂಬ ವಾಲಿದೆ. ಇಸ್ತ್ರಿಯವ್ರ ಕಟ್ಟೆ ಬಿರುಕು ಬಿಟ್ಟಿದೆ. ನಾನು ಈ ಮನೆಗೆ ಬಂದಾಗಿಂದ ಅಲ್ಲಾಡದೇ ಇರೋದು ಅಂದ್ರೆ ಈ ಕಲ್ಲೇ." ಬಣ್ಣದ ಡಬ್ಬಿಯ ಮುಚ್ಚಳ ಒತ್ತುತ್ತಾ ನಕ್ಕಳು. "ಆಮೇಲೆ ನೀವು."

ಹೊಗಳಿದಳೋ ಬೈದಳೋ ಗೊತ್ತಾಗಲಿಲ್ಲ. ಅವಳ ಮಾತೇ ಹಾಗೆ.

ನಮ್ಮ ಬೀದಿಯ ಕೊನೆಯಲ್ಲಿ ಸರ್ಕಾರದ ಸಮುದಾಯ ಕಾಲೇಜಿದೆ. ಸುತ್ತಮುತ್ತಲಿನವರು ಕಲಿಯಲಿ ಎಂದೇ ಕಟ್ಟಿದ್ದಂತೆ. ಸಂಜೆಯಾದರೆ ಕೆಲಸ ಮುಗಿಸಿಕೊಂಡ ದೊಡ್ಡವರು ಚೀಲ ಹಿಡಿದು ಹೋಗುತ್ತಾರೆ. ನಲ್ಲಿ ಜೋಡಿಸುವುದು, ವೈರಿಂಗು, ರೋಗಿಗಳನ್ನು ನೋಡಿಕೊಳ್ಳುವುದು, ನೆಲ ಅಳೆಯುವುದು, ಏನು ಬೇಕಾದರೂ ಕಲಿಯಬಹುದು. ಗೇಟಿನ ಮೇಲೆ ಉದ್ದದ ಬೋರ್ಡು: ಇದು ನಿಮ್ಮದೇ ಕಾಲೇಜು. ಸೊಸೆ ಕೆಲಸ ಮಾಡುತ್ತಿದ್ದ ಬಟ್ಟೆ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಸುಮ್ಮನೆ ಕೂರಲಾರೆ ಎಂದು ಸರ್ವೆ ಕ್ಲಾಸಿಗೆ ಸೇರಿದಳು. ನಗರಸಭೆಯವರು ಚರಂಡಿ ಕೆಲಸಕ್ಕೆ ಅಳತೆ ಸಹಾಯಕರನ್ನು ಅದೇ ಕ್ಲಾಸಿನಿಂದ ತೆಗೆದುಕೊಳ್ಳುತ್ತಾರಂತೆ. ಅಡ್ಡಿ ಏನು, ಹೋಗಲಿ ಎಂದು ಮೊದಲು ಹೇಳಿದ್ದು ನಾನೇ. ಬಣ್ಣದ ಡಬ್ಬಿ ತರುತ್ತಾಳೆಂದು ಯಾರಿಗೆ ಗೊತ್ತಿತ್ತು.

ನನ್ನ ಗಂಡ ಹೊಲಿಗೆ ಮೆಷಿನ್ ರಿಪೇರಿ ಮಾಡುವವರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಬೀದಿಗೆಲ್ಲ ಅವರು ಮೆಷಿನ್ನಣ್ಣ. ಅವತ್ತು ಊಟಕ್ಕೆ ಕೂತವರು ತಟ್ಟೆ ಮುಟ್ಟಲಿಲ್ಲ.

"ಒರೆಸ್ಬಿಡಮ್ಮ ಅದನ್ನ."

"ಮಾವ, ಅರ್ಧ ಬೀದಿ ಅಳೆದಾಗಿದೆ. ಈಗ ಒರೆಸಿದ್ರೆ ಎಲ್ಲಾ ಮೊದಲಿಂದ ಮಾಡ್ಬೇಕು."

"ಅವ್ರು ಯಾಕೆ ಅಳೆಸ್ತಿದ್ದಾರೆ ಅಂತ ಕೇಳಿದ್ಯಾ?"

"ಮಳೆ ಬಂದ್ರೆ ನಿಮ್ಮ ಅಂಗಡಿಗೇ ನೀರು ನುಗ್ಗಲ್ವಾ? ಚರಂಡಿ ಎತ್ಲಾಗೆ ಇಳಿಜಾರು ಮಾಡ್ಬೇಕು ಅಂತ ನೋಡೋಕೆ."

"ನಮ್ಮ ಬೀದಿ ನೀರಿನ ಮೇಲೆ ಇವ್ರಿಗೇನಿಷ್ಟು ಕಾಳಜಿ? ಕಾಲೇಜಿಗೆ ಹಿಂದಿನ ಗೇಟಿಲ್ಲ. ನೇರ ರಸ್ತೆ ಬೇಕು ಅವ್ರಿಗೆ. ದಾರಿ ಇರೋದು ಎಲ್ಲಿ? ನಮ್ಮ ಅಡುಗೆಮನೆ ಮೇಲೆ."

"ಅದು ನಮ್ದೇ ಕಾಲೇಜು ಮಾವ."

"ನಮ್ದೇ ಆದ್ರೆ ಗೇಟಲ್ಲಿ ಯಾರು ಬೇಕು ಅಂತ ಯಾಕೆ ಕೇಳ್ತಾನೆ ಆ ವಾಚ್‌ಮನ್? ನಮ್ಮನೆ ಬಾಗಿಲಲ್ಲಿ ನನ್ನನ್ನ ಯಾರಾದ್ರೂ ಕೇಳ್ತಾರಾ?"

ಮಗ ಬೇಕರಿ ವ್ಯಾನ್ ಓಡಿಸುತ್ತಾನೆ. ಬೆಳಕು ಹರಿಯುವ ಮುಂಚೆ ಎದ್ದು ಹೋಗುವವನು ಸಂಜೆಯ ಊಟದಲ್ಲೇ ಅರ್ಧ ನಿದ್ದೆ ಮಾಡುತ್ತಿರುತ್ತಾನೆ. ಅವನು ಬೇಳೆಯ ಪಾತ್ರೆ ತನ್ನ ಕಡೆಗೆ ಎಳೆದುಕೊಂಡು, "ಅಪ್ಪ, ಒಂದು ಚೂರು ಬಣ್ಣಕ್ಕೆ ಮನೆ ಬೀಳಲ್ಲ," ಎಂದ.

"ಹೋದ್ಸಲಾನೂ ಒಂದು ಚೂರು ಬಣ್ಣಕ್ಕೇ ಬಿದ್ದದ್ದು," ಎಂದರು ಇವರು. ಮಗ ಆಗ ಚಡ್ಡಿ ಹಾಕುವ ವಯಸ್ಸಿನವನು. ಅವನಿಗೆ ಬುಲ್ಡೋಜರ್ ನೋಡಿ ಖುಷಿಯಾಗಿತ್ತು.

ಮಾರನೇ ವಾರಕ್ಕೆ ಬೀದಿಯಲ್ಲಿ ಮುಖಗಳು ಬದಲಾದವು. ಸೊಸೆ ಮತ್ತು ಅವಳ ಕ್ಲಾಸಿನವರಿಬ್ಬರು ಮೂರು ಕಾಲಿನ ಸ್ಟ್ಯಾಂಡು ನೆಟ್ಟು, ಅದರ ಮೇಲೆ ದುರ್ಬೀನಿನಂಥದ್ದೊಂದು ಕೂರಿಸಿ, ಒಬ್ಬರು ಇಣುಕುವುದು, ಇನ್ನೊಬ್ಬರು ಉದ್ದದ ಅಳತೆ ಕೋಲು ಹಿಡಿದು ಮನೆಮನೆಯ ಮುಂದೆ ನಿಲ್ಲುವುದು. ಯಾರ ಮನೆ ಮುಂದೆ ಕೋಲು ನಿಂತಿತೋ ಅವರ ಮನೆಯಲ್ಲಿ ಅವತ್ತು ಒಲೆ ಸರಿಯಾಗಿ ಉರಿಯಲಿಲ್ಲ. ಬ್ಲೌಸ್ ಹೊಲಿಯುವ ಮೂಲೆಮನೆಯವಳು ರಿಪೇರಿಗೆ ಕೊಟ್ಟಿದ್ದ ಮೆಷಿನ್ನನ್ನು ಬಿಚ್ಚಿದ್ದು ಬಿಚ್ಚಿದಂತೆಯೇ ವಾಪಸು ತೆಗೆದುಕೊಂಡು ಹೋದಳು.

"ಯಾಕಮ್ಮ, ನಾಳೆ ರೆಡಿ ಆಗ್ತಿತ್ತಲ್ಲ," ಎಂದರು ಇವರು.

"ಬೇಡಣ್ಣ. ನಿಮ್ಮನೇಲಿ ಈಗ ದೊಡ್ಡ ಕೆಲಸ ನಡೀತಿದೆ. ನಮ್ಮ ಸಣ್ಣ ಕೆಲಸ ಯಾಕೆ."

ಇಸ್ತ್ರಿಯವನು ತಳ್ಳುಗಾಡಿಯ ಮೇಲೆ ಶರ್ಟು ತಟ್ಟುತ್ತಾ ನಮ್ಮ ಬಾಗಿಲಿಗೆ ಕೇಳಿಸುವ ಹಾಗೆ, "ಮನೆಯವ್ರೇ ಗುರುತು ಹಾಕಿಸ್ಕೊಂಡ್ರೆ ಅವ್ರಿಗೆ ಬೇರೆ ಕಡೆ ಜಾಗ ಗ್ಯಾರಂಟಿ," ಎಂದ. ಸುಳ್ಳು ಹೇಳುವುದಿಲ್ಲ, ಆ ಮಾತು ನನ್ನ ಕಿವಿಯಲ್ಲೂ ಕೂತಿತು. ಸೊಸೆಗೆ ನಿಜಕ್ಕೂ ಏನಾದರೂ ಗೊತ್ತಿದ್ದು ನಮಗೆ ಹೇಳುತ್ತಿಲ್ಲವೇ? ಗಂಡ ಹೆಂಡತಿ ಬೇರೆ ಮನೆ ಮಾಡುವ ಲೆಕ್ಕಾಚಾರವೇ? ಹಾಲು ತರುವ ನೆಪ ಮಾಡಿ ಒಂದು ಸಂಜೆ ಅವಳ ಹಿಂದೆಯೇ ಕಾಲೇಜಿನವರೆಗೂ ಹೋದೆ. ಕಾಂಪೌಂಡಿನ ಕಂಬಿಯ ಸಂದಿಯಲ್ಲಿ ನೋಡಿದರೆ ಅವಳು ಬಯಲಿನ ನಡುವೆ ಕೋಲು ಹಿಡಿದು ನೆಟ್ಟಗೆ ನಿಂತಿದ್ದಳು, ಅಷ್ಟೆ. ಬಹಳ ಹೊತ್ತು ನೋಡಿದೆ. ಕೋಲು ಬಿಟ್ಟು ಬೇರೇನೂ ಮಾಡಲಿಲ್ಲ. ಮನೆಗೆ ಬಂದ ಮೇಲೆ ಅವಳೇ ಕೇಳಿದಳು:

"ಹಾಲು ಸಿಕ್ತಾ ಅತ್ತೆ?"

"ಖಾಲಿಯಾಗಿತ್ತು."

"ಕಾಂಪೌಂಡ್ ಹತ್ರ ಹಾಲಿನ ಅಂಗಡಿ ಇಲ್ಲವಲ್ಲ," ಎಂದು ಹೇಳಿ ಪಾತ್ರೆ ತೊಳೆಯಲು ಹೋದಳು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಅದಾದ ಕೆಲವೇ ದಿನಕ್ಕೆ ಗುರುತು ಮಾಯವಾಯಿತು. ನಾನು ಮಧ್ಯಾಹ್ನ ಆಸ್ಪತ್ರೆಗೆ, ತಂಗಿಯ ಮಗುವನ್ನು ನೋಡಲು ಹೋಗಿದ್ದೆ. ಸಂಜೆ ಸೊಸೆ ಕೋಲು ಹಿಡಿದು ಬಂದವಳು ಮೆಟ್ಟಿಲ ಮುಂದೆ ನಿಂತೇಬಿಟ್ಟಳು. ಕಲ್ಲಿನ ಅಂಚು ಬೂದಿ ಬಣ್ಣಕ್ಕೆ ಸ್ವಚ್ಛವಾಗಿತ್ತು.

"ಉಜ್ಜಿಬಿಟ್ರಾ ಅತ್ತೆ?"

"ನಾನ್ಯಾಕೆ ಉಜ್ಜಲಿ? ನಾನು ಈಗ ಬರ್ತಿರೋದು."

"ಉಜ್ಜಿ ಹಾಕ್ತೀನಿ ಅಂತ ನೀವೇ ಅಂದಿದ್ರಿ. ಅವತ್ತು ಸೋಪು ಹಿಡ್ಕೊಂಡು."

"ಅಂದಿದ್ದು ನಿಜ. ಬಾಯಲ್ಲಿ ಅಂದಿದ್ದೆಲ್ಲ ಕೈಯಲ್ಲಿ ಮಾಡಿದ್ರೆ ನೀನು ಈ ಮನೇಲಿ ಇರ್ತಿರ್ಲಿಲ್ಲ."

ಒಳಗಿನಿಂದ ಇವರು ತಲೆ ಎತ್ತದೆ, "ಇಸ್ತ್ರಿಯವನು ಮಾಡಿರ್ತಾನೆ ಬಿಡಮ್ಮ," ಎಂದರು. ಅವನ ಇಸ್ತ್ರಿಪೆಟ್ಟಿಗೆಯ ಕೆಂಡದ ಬೂದಿ ಹಾಕಿ ಉಜ್ಜಿದರೆ ಯಾವ ಬಣ್ಣವಾದರೂ ಹೋಗುತ್ತದೆ ಎಂದು ಬೇರೆ ಸೇರಿಸಿದರು. ನನಗೂ ಅದೇ ಸರಿ ಎನಿಸಿತು. ಅವತ್ತಿನಿಂದ ನಾನು ಇಸ್ತ್ರಿಯವನ ಹೆಂಡತಿಗೆ ಕೊತ್ತಂಬರಿ ಸೊಪ್ಪು ಕೊಡುವುದನ್ನು ನಿಲ್ಲಿಸಿದೆ. ಸೊಸೆ ಬಣ್ಣದ ಡಬ್ಬಿ ತಂದು, ಕಲ್ಲಿನ ಅದೇ ಮೂಲೆಗೆ ಮತ್ತೆ ಚೌಕ ಬರೆದಳು. ನೋಡುತ್ತಿದ್ದ ಇವರ ಮುಖ ಹುಳ್ಳಗಾಯಿತು. ಮೆಷಿನ್ನಿನ ಕಡೆ ತಿರುಗಿ ಕೂತರು.

ನನಗೆ ಅದೇ ದಿನಗಳಲ್ಲಿ ಇನ್ನೊಂದು ಕಾಟ ಶುರುವಾಯಿತು. ಬಾಗಿಲು ದಾಟುವಾಗ ಎಡವತೊಡಗಿದೆ. ಒಮ್ಮೆ ನೀರಿನ ಬಿಂದಿಗೆ ಸಮೇತ ಮುಗ್ಗರಿಸಿದೆ. ಇನ್ನೊಮ್ಮೆ ಕಸದ ಬುಟ್ಟಿ ಬೀದಿಯೆಲ್ಲ ಚೆಲ್ಲಿತು. ಇಷ್ಟು ವರ್ಷ ಕಣ್ಣು ಮುಚ್ಚಿಕೊಂಡು ಇಳಿದ ಮೆಟ್ಟಿಲು ನನ್ನ ಕಾಲಿಗೆ ಸಿಗುತ್ತಿರಲಿಲ್ಲ. ಮಗ ಕಣ್ಣು ತೋರಿಸು ಎಂದ. ಸೊಸೆ ನನ್ನ ಕಾಲಿನ ಹೆಬ್ಬೆರಳಿಗೆ ಎಣ್ಣೆ ತಿಕ್ಕುತ್ತಾ ಮಂಡಿ ತೋರಿಸೋಣ ಎಂದಳು. ಇವರು ಮಾತ್ರ, "ನೋಡ್ಕೊಂಡು ಇಳೀಬಾರ್ದಾ," ಎಂದು ಗದರಿಕೊಂಡರು. ನಾನು ಬಿದ್ದರೆ ಮೊದಲು ಓಡಿ ಬರುತ್ತಿದ್ದ ಮನುಷ್ಯ. ಈಗ ಯಾಕೆ ಸಿಡುಕುತ್ತಾರೆ ಎಂದು ಆಗಲೇ ನನಗೆ ಸಂಶಯ ಬರಬೇಕಿತ್ತು. ವಯಸ್ಸಾಯಿತು ಎಂದುಕೊಂಡು ಸುಮ್ಮನಾದೆ.

ಒಂದು ಸಂಜೆ ಸೊಸೆ ಕಾಲೇಜಿನಿಂದ ಬೇಗ ಬಂದಳು. ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೆ ಬಂದು, ಮೊಟ್ಟೆಗೆ ಹೆಚ್ಚಿಟ್ಟಿದ್ದ ಈರುಳ್ಳಿಯನ್ನು ಮತ್ತೊಮ್ಮೆ ಹೆಚ್ಚಿದಳು. ಕಣ್ಣಲ್ಲಿ ನೀರು. ಈರುಳ್ಳಿಯದೋ ಅಲ್ಲವೋ ಕೇಳಲಿಲ್ಲ. ಎಲ್ಲರೂ ಊಟಕ್ಕೆ ಕೂತಾಗ ಮಗ ಕೇಳಿದ.

"ಏನಾಯ್ತೇ?"

"ನನ್ನ ಅಳತೆ ಕೂಡ್ತಿಲ್ಲ. ಮೊದಲಿನ ವಾರಗಳದ್ದಕ್ಕೂ ಆಮೇಲಿನದ್ದಕ್ಕೂ ಎರಡು ಬೆರಳು ವ್ಯತ್ಯಾಸ ಬರ್ತಿದೆ. ಎಲ್ಲಿ ನೋಡಿದ್ರೂ ಅದೇ ಎರಡು ಬೆರಳು."

"ಎರಡು ಬೆರಳು ತಾನೇ," ಎಂದೆ ನಾನು.

"ಎರಡು ಬೆರಳಲ್ಲಿ ಚರಂಡಿ ನೀರು ವಾಪಸು ಬರುತ್ತೆ ಅತ್ತೆ. ಮೇಡಂ ನಿನ್ನೆ ಅವ್ರೇ ಬಂದು ಅಳೆದ್ರು. ಆಮೇಲಿನದ್ದು ಸರಿ ಇದೆ, ಮೊದಲಿನದ್ದು ಸುಳ್ಳು ಅಂದ್ರು. ಮನೇಲಿ ಕೂತು ಬಾಯಿಗೆ ಬಂದ ಅಂಕಿ ಬರ್ಕೊಂಡು ಬಂದಿದ್ದೀಯ ಅಂದ್ರು. ಎಲ್ಲರ ಮುಂದೆ."

ಮಗ ತಟ್ಟೆಯಿಂದ ಕೈ ತೆಗೆದ. "ಮತ್ತೆ?"

"ಸೋಮವಾರದೊಳಗೆ ಯಾಕೆ ಹೀಗಾಯ್ತು ಅಂತ ತೋರಿಸ್ಬೇಕು. ಇಲ್ಲದಿದ್ರೆ ಪರೀಕ್ಷೆಗೆ ಕೂರಿಸಲ್ಲ. ಪರೀಕ್ಷೆ ಇಲ್ಲದಿದ್ರೆ ನಗರಸಭೆ ಕೆಲಸಾನೂ ಇಲ್ಲ." ಅವಳು ಅನ್ನವನ್ನು ತಟ್ಟೆಯ ಒಂದು ಬದಿಗೆ ತಳ್ಳುತ್ತಿದ್ದಳು. "ಬೀದೀಲಿ ನಾನು ಕಾಲೇಜಿನ ಕಡೆಯವ್ಳು. ಕಾಲೇಜಲ್ಲಿ ನಾನು ಸುಳ್ಳಿ."

ಎಲ್ಲರೂ ಇವರ ಕಡೆ ನೋಡಿದೆವು. ಕಾಲೇಜಿನ ಮೇಲೆ ಒಂದು ಹೊರೆ ಬೈಗುಳ ಬರುವ ಹೊತ್ತು. ಇವರು ನೀರು ಕುಡಿದು ಲೋಟ ಇಟ್ಟು, "ಹೋಗ್ಲಿ ಬಿಟ್ಬಿಡಮ್ಮ ಆ ಕಾಲೇಜು," ಎಂದರು, ಮೆತ್ತಗೆ. ಎರಡನೇ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ. ಮದುವೆಯಾದಾಗಿನಿಂದ ಆ ಮನುಷ್ಯ ಜಗಳವಿರಲಿ, ಸಾವಿರಲಿ, ಎರಡನೇ ಸಲ ಅನ್ನ ಬಿಟ್ಟವರಲ್ಲ.

ಬೆಳಿಗ್ಗೆ ಬಾಗಿಲ ಮುಂದೆ ಕಸ ಗುಡಿಸುವಾಗ ಮತ್ತೆ ಎಡವಿದೆ. ಸಿಟ್ಟು ಬಂದು ಪೊರಕೆ ಹಿಡಿದು ಅಲ್ಲೇ ಕೂತೆ. ಕಲ್ಲನ್ನು ದಿಟ್ಟಿಸಿ ನೋಡಿದೆ. ನಮ್ಮೆಲ್ಲರ ಕಾಲು ತುಳಿದೂ ತುಳಿದೂ ಆ ಕಲ್ಲಿನಲ್ಲೊಂದು ಗುಳಿ ಬಿದ್ದಿದೆ, ನನ್ನ ಹಿಮ್ಮಡಿ ಸರಿಯಾಗಿ ಕೂರುವಂಥದ್ದು. ಬೀದಿಗೆ ಇಳಿಯುವ ಅಂಚಿನಲ್ಲಿದ್ದ ಗುಳಿ ಈಗ ಹೊಸಿಲ ಕಡೆಗಿತ್ತು. ನನ್ನ ಕಣ್ಣೂ ಸರಿ ಇತ್ತು, ಮಂಡಿಯೂ ಸರಿ ಇತ್ತು. ಕಲ್ಲೇ ಹಿಂದುಮುಂದಾಗಿತ್ತು.

ಪೊರಕೆಯ ಕಡ್ಡಿಯಿಂದ ಕಲ್ಲಿಗೂ ಗೋಡೆಗೂ ನಡುವಿನ ಮಣ್ಣು ಕೆರೆದೆ. ಬಗ್ಗಿ ನೋಡಿದರೆ ಒಳಗೆ, ಯಾರಿಗೂ ಕಾಣದ ಕಡೆ, ಕೆಂಪು ಚೌಕ.

ನೇರ ಅಂಗಡಿಗೆ ಹೋದೆ. ಇವರು ಮೆಷಿನ್ನಿನ ತಲೆ ಬಿಚ್ಚಿ ಎಣ್ಣೆ ಹಾಕುತ್ತಿದ್ದರು. ಮೂಲೆಯಲ್ಲಿ ಹಾರೆ ಒರಗಿತ್ತು. ಹೊಲಿಗೆ ಮೆಷಿನ್ ರಿಪೇರಿಗೆ ಹಾರೆ ಯಾಕೆ ಬೇಕು?

"ಕಲ್ಲು ತಿರುಗಿಸಿದ್ದು ನೀವಾ?"

ಎಣ್ಣೆ ಸೂಜಿಯ ಮೇಲಿಂದ ಮೇಜಿಗೆ ತೊಟ್ಟಿಕ್ಕಿತು. "ಮೆತ್ತಗೆ ಮಾತಾಡೇ."

"ನನ್ನ ಕಾಲು ಮುರಿದಿದ್ರೂ ಮೆತ್ತಗೇ ಮಾತಾಡ್ಬೇಕಿತ್ತಾ?"

"ಒರೆಸಿದ್ರೆ ಜಗಳ ಆಗುತ್ತೆ ಅಂತ ತಿರುಗಿಸಿದೆ. ಗುರುತು ಬೀದಿಗೆ ಕಾಣ್ಬಾರ್ದು ಅಷ್ಟೆ. ಅಳತೆಗೆ ತೊಂದರೆ ಆಗುತ್ತೆ ಅಂತ ನನಗೇನು ಗೊತ್ತು? ಆ ಕಲ್ಲು ಒಂದು ಕಡೆ ದಪ್ಪ, ಒಂದು ಕಡೆ ತೆಳು. ಎಷ್ಟು ಕಲ್ಚೂರು ತುಂಬಿದ್ರೂ ಮುಂಚಿನ ಹಾಗೆ ಕೂರ್ಲಿಲ್ಲ."

"ಅವಳು ಮತ್ತೆ ಬರೆದಾಗಲಾದ್ರೂ ಹೇಳ್ಬಾರ್ದಿತ್ತಾ?"

"ಹೇಗೆ ಹೇಳಲಿ? ಮತ್ತೆ ತಿರುಗಿಸೋಣ ಅಂದ್ರೆ ಹಳೇ ಗುರುತು ಹೊರಗೆ ಬರುತ್ತೆ. ಎರಡೂ ಕಡೆ ಕೆಂಪು. ಎತ್ತ ತಿರುಗಿಸಿದ್ರೂ ಸಿಕ್ಕಿಹಾಕ್ಕೊಂಡೆ."

ಬೇರೆ ಹೊತ್ತಾಗಿದ್ದರೆ ನಗು ಬರುತ್ತಿತ್ತು. "ಸರಿ, ಅದು ಬಿಡಿ. ನಿನ್ನೆ ಅವಳು ಸುಳ್ಳಿ ಅನ್ನಿಸ್ಕೊಂಡು ಬಂದು ಅಳ್ತಾ ಕೂತಾಗ?"

ಇವರು ಬಟ್ಟೆಗೆ ಕೈ ಒರೆಸಿದರು, ಒರೆಸುತ್ತಲೇ ಇದ್ದರು. "ಅವ್ರೇ ಹೊರಗೆ ಹಾಕಿದ್ರೆ ತಾನಾಗೇ ನಿಲ್ಲುತ್ತಲ್ಲ ಅಂದ್ಕೊಂಡೆ. ಅಳತೆ ನಿಂತ್ರೆ ಮನೆ ಉಳಿಯುತ್ತೆ."

ನನಗೆ ಮೈಯೆಲ್ಲ ಉರಿಯಿತು. ಹೆದರಿ ಕಲ್ಲು ತಿರುಗಿಸಿದ್ದು ನನಗೆ ಅರ್ಥವಾಗುತ್ತದೆ, ನಾನಾಗಿದ್ದರೂ ತಿರುಗಿಸುತ್ತಿದ್ದೆನೇನೋ. ಮಗಳಂಥವಳ ಮರ್ಯಾದೆ ಹೋಗುತ್ತಿದೆ ಎಂದು ಗೊತ್ತಿದ್ದೂ ಎದುರಿಗೆ ಕೂತು ನೀರು ಕುಡಿದದ್ದು ಅರ್ಥವಾಗುವುದಿಲ್ಲ. ಅಷ್ಟನ್ನೂ ಹಾಗೆಯೇ ಹೇಳಿದೆ. ಆಮೇಲೆ, "ಸಂಜೆ ಊಟಕ್ಕೆ ಕೂರೋ ಮುಂಚೆ ನೀವೇ ಹೇಳಿ. ಇಲ್ಲ ಅಂದ್ರೆ ನಾನು ಬಡಿಸ್ತಾ ಹೇಳ್ತೀನಿ," ಎಂದು ಒಳಗೆ ಬಂದೆ.

ಸಂಜೆ ನಾಲ್ವರೂ ಕೂತೆವು. ಇವರು ಹೇಳಲಿಲ್ಲ. ಉಪ್ಪು ಕೇಳಿದರು, ಮಗನ ವ್ಯಾನಿನ ಬ್ರೇಕ್ ಬಗ್ಗೆ ಕೇಳಿದರು. ನಾನು ಸೊಸೆಯ ತಟ್ಟೆಗೆ ಬೇಳೆ ಹಾಕುತ್ತಾ, "ನಿನ್ನ ಅಳತೇಲಿ ತಪ್ಪಿಲ್ಲ ಕಣಮ್ಮ. ನಿಮ್ಮ ಮಾವ ಕಲ್ಲು ತಿರುಗಿಸಿಟ್ಟಿದ್ದಾರೆ," ಎಂದೆ.

ಮಗನಿಗೆ ಮೊದಲು ಅರ್ಥವಾಗಲಿಲ್ಲ. ಅವಳಿಗೆ ತಕ್ಷಣ ಆಯಿತು.

"ಯಾವತ್ತು?" ಎಂದಳು.

"ಅವತ್ತು ಮಧ್ಯಾಹ್ನ. ನಿಮ್ಮತ್ತೆ ಆಸ್ಪತ್ರೆಗೆ ಹೋಗಿದ್ದಾಗ, ಬೀದಿಯವ್ರೆಲ್ಲ ಮಲಗಿದ್ದಾಗ," ಎಂದರು ಇವರು ತಟ್ಟೆ ನೋಡುತ್ತಾ.

"ಬರೀ ಹಿಂದುಮುಂದು ಮಾಡಿದ್ದಾ, ಇಲ್ಲ ಕೆಳಗೆ ಮಣ್ಣೂ ತೆಗೆದ್ರಾ?"

"ಮಣ್ಣು ಮುಟ್ಟಿಲ್ಲ. ಕಲ್ಚೂರು ಹಾಕಿದೆ."

ಅವಳ ತಲೆಯೊಳಗೆ ಅಂಕಿಗಳು ಕೂಡಿಕೊಳ್ಳುತ್ತಿರುವುದು ನನಗೆ ಕಾಣಿಸುತ್ತಿತ್ತು. ಅವು ಕೂಡಿಕೊಂಡ ಮೇಲೆ ಅಳು ಬಂತು. "ನಾನಲ್ಲಿ ತಲೆ ತಗ್ಗಿಸ್ಕೊಂಡು ನಿಂತಿದ್ದೆ ಮಾವ. ಎಲ್ಲಿ ತಪ್ಪು ಮಾಡ್ದೆ ಅಂತ ನನ್ನ ಮೇಲೆ ನನಗೇ ಅನುಮಾನ ಬಂದಿತ್ತು. ಇಡೀ ಬೀದೀಲಿ ಈ ಕಲ್ಲೊಂದು ಅಲ್ಲಾಡಲ್ಲ ಅಂತ ಮೇಡಂ ಹತ್ರ ಆಣೆ ಇಟ್ಟು ಹೇಳಿದ್ದೆ."

"ಅದು ಹಳೇ ಮನೆ ಕಲ್ಲಮ್ಮ," ಎಂದರು ಇವರು. "ಬುಲ್ಡೋಜರ್ ಬಂದಾಗ ನಾನು ಉಳಿಸ್ಕೊಂಡಿದ್ದು ಅದೊಂದನ್ನೇ. ತಳ್ಳುಗಾಡೀಲಿ ಹಾಕ್ಕೊಂಡು ಬಂದೆ. ಅದರ ಮೇಲೇ ಮತ್ತೆ ಕೆಂಪು ನೋಡಿದಾಗ ನನಗೆ ಏನಾಯ್ತು ಅಂತ ನಿನಗೆ ಹೇಗೆ ಹೇಳಲಿ."

ಸೊಸೆ ಸೆರಗಿನಿಂದ ಮುಖ ಒರೆಸಿಕೊಂಡಳು. "ಹಾಗಾದ್ರೆ ಅದು ಮೊದಲೇ ಅಲ್ಲಾಡಿದ ಕಲ್ಲು. ನನಗ್ಯಾರೂ ಹೇಳ್ಲಿಲ್ಲ."

ಮಗ ಮೊದಲ ಸಲ ಅಪ್ಪನ ಮುಖ ನೋಡದೆ, "ಸೋಮವಾರ ನೀವೇ ಹೋಗಿ ಹೇಳ್ಬೇಕಪ್ಪ," ಎಂದ.

ಸೋಮವಾರ ಸಂಜೆ ಇವರು ಒಗೆದ ಶರ್ಟು ಹಾಕಿಕೊಂಡು ಹೊರಟರು. ಶರ್ಟಿಗೆ ಇಸ್ತ್ರಿ ಇರಲಿಲ್ಲ. ಇಸ್ತ್ರಿಯವನ ಮುಖ ನೋಡುವ ಧೈರ್ಯ ಇರಲಿಲ್ಲ. ನಾನೂ ಹಿಂದೆ ಹೋದೆ, ದಾರಿಯಲ್ಲಿ ಮನಸ್ಸು ಬದಲಾಯಿಸಿ ಎಲ್ಲಾದರೂ ತಿರುಗಿದರೆ ಎಂದು. ಗೇಟಿನಲ್ಲಿ ವಾಚ್‌ಮನ್ ಕುರ್ಚಿಯಿಂದಲೇ, "ಯಾರು ಬೇಕು?" ಎಂದ. ಇವರು ಬೋರ್ಡನ್ನೊಮ್ಮೆ, ಅವನನ್ನೊಮ್ಮೆ ನೋಡಿದರು. ನಾನು ಹಿಂದಿನಿಂದ ಚಿವುಟಿದೆ.

ಮೇಡಂ ಸಣ್ಣ ಹೆಂಗಸು, ಕೈತುಂಬ ಸೀಮೆಸುಣ್ಣದ ಪುಡಿ. ಇವರು ಹೇಳಿದ್ದನ್ನೆಲ್ಲ ನಿಂತೇ ಕೇಳಿದರು. ಆಮೇಲೆ ಕ್ಲಾಸಿನಲ್ಲಿ ಕೂತಿದ್ದ ಸೊಸೆಯ ಕಡೆ ತಿರುಗಿ, "ಇವ್ರಿಗೆ ನೀವೇ ಹೇಳ್ಕೊಟ್ಟು ಕರ್ಕೊಂಡು ಬಂದ್ರಾ?" ಎಂದರು.

ಸೊಸೆಯ ಮುಖ ಬಿಳಿಚಿತು. ಇವರಿಗೆ ಎಲ್ಲಿತ್ತೋ ಸಿಟ್ಟು. "ಮೇಡಮ್ಮೋರೇ, ನನ್ನನ್ನ ನಂಬಬೇಡಿ. ನಾನು ನಂಬೋ ಅಂಥ ಕೆಲಸ ಮಾಡಿಲ್ಲ. ನಿಮ್ಮ ಕೋಲು ತಗೊಂಡು ಬನ್ನಿ, ಕಲ್ಲನ್ನ ಕೇಳಿ."

ಇಡೀ ಕ್ಲಾಸು ನಮ್ಮ ಬೀದಿಗೆ ಬಂತು. ಇಸ್ತ್ರಿಯವನು ಗಾಡಿ ಬಿಟ್ಟು ಬಂದ, ಮೂಲೆಮನೆಯವಳು ಕತ್ತರಿ ಹಿಡಿದೇ ಬಂದಳು. ಇವರು ಹಾರೆ ತಂದು ಕಲ್ಲಿನ ಕೆಳಗೆ ಕೊಟ್ಟರು. ಮಗ ಕೈ ಹಚ್ಚಲು ಹೋದ. "ನೀನು ಸರಿ," ಎಂದು ಒಬ್ಬರೇ ಏದುಸಿರು ಬಿಡುತ್ತಾ, ತಾವು ತುಂಬಿದ್ದ ಕಲ್ಚೂರು ತೆಗೆದು, ತಿರುಗಿಸಿದರು. ಮಣ್ಣು ಮೆತ್ತಿದ ಹಳೇ ಕೆಂಪು ಚೌಕ ಬೀದಿಗೆ ಮುಖ ಮಾಡಿ ಬಂತು. ಸೊಸೆ ಕೋಲು ಹಿಡಿದಳು, ಮೇಡಂ ಇಣುಕಿದರು. ಒಂದು ಅಂಕಿ ಕೂಗಿದರು. ಕ್ಲಾಸಿನವರೊಬ್ಬರು ಸೊಸೆಯ ಮೊದಲ ವಾರದ ಅಂಕಿ ಓದಿದರು. ಎರಡೂ ಒಂದೇ.

"ಸರಿ ಇದೆ," ಎಂದರು ಮೇಡಂ. ದುರ್ಬೀನಿನಿಂದ ಕಣ್ಣು ತೆಗೆದು ಸೊಸೆಯ ಹತ್ತಿರ ಬಂದರು. "ನಾನು ಎಲ್ಲರ ಮುಂದೆ ಅಂದಿದ್ದೆ. ಎಲ್ಲರ ಮುಂದೇನೇ ಹೇಳ್ತೀನಿ, ನನ್ನದು ತಪ್ಪಾಯ್ತು. ಪರೀಕ್ಷೆಗೆ ಬನ್ನಿ."

ಇಸ್ತ್ರಿಯವನು ಸುಮ್ಮನಿರಬೇಕಲ್ಲ. "ಅದೆಲ್ಲ ಸರಿ ಮೇಡಂ. ನಮ್ಮ ಮನೆಗಳು ಹೋಗುತ್ತೋ ಇಲ್ಲವೋ?"

"ಚರಂಡಿಗೆ ಅಂತ ನಗರಸಭೆಯವ್ರು ಹೇಳಿದ್ದಾರೆ. ನಾವು ಅಳೆಯೋದು ಕಲಿಸ್ತೀವಿ. ಅಳತೆ ತಗೊಂಡು ಆಮೇಲೆ ಅವ್ರು ಏನು ಮಾಡ್ತಾರೋ, ಅದಕ್ಕೆ ನಾನು ಮಾತು ಕೊಡೋಕಾಗಲ್ಲ."

"ನೋಡಿದ್ರಾ," ಎಂದ ಅವನು ಬೀದಿಗೆಲ್ಲ. ಆದರೂ ಆ ಮೇಡಂ ಸುಳ್ಳು ಹೇಳಲಿಲ್ಲವಲ್ಲ ಎಂದು ಆಮೇಲೆ ನಮ್ಮಲ್ಲೇ ಮಾತಾಯಿತು. ಟೀ ಕುಡಿಯದೆಯೇ ಹೋದರು ಎಂದು ನಾನೂ ಗಮನಿಸಿದ್ದೆ. ಮಾರನೇ ದಿನ ಇಸ್ತ್ರಿಯವನ ಮನೆಗೆ ಕೊತ್ತಂಬರಿ ಕಳಿಸಿದೆ. ಅವನ ಹೆಂಡತಿ ಅದನ್ನು ಮೂಸಿ ನೋಡಿ ಒಳಗಿಟ್ಟುಕೊಂಡಳಂತೆ.

ಸೊಸೆ ತನ್ನ ಗುರುತನ್ನು ಕಾಲೇಜಿನ ಗೇಟಿನ ಕಂಬದ ಬುಡಕ್ಕೆ ಒಯ್ದಳು. ಅಲ್ಲಿಂದಲೇ ಇಡೀ ಬೀದಿ ಮತ್ತೆ ಅಳೆದು ಪರೀಕ್ಷೆ ಪಾಸು ಮಾಡಿದಳು. ನಗರಸಭೆಯ ಕೆಲಸವೂ ಸಿಕ್ಕಿತು. ಬೆಳಿಗ್ಗೆ ಮಗನ ವ್ಯಾನಿನಲ್ಲೇ ಕೂತು ಹೋಗುತ್ತಾಳೆ. ಮನೆಯಲ್ಲಿ ಮಾವನಿಗೆ ಟೀ ಕೊಡುತ್ತಾಳೆ, ಮಾತಾಡಿಸಿದರೆ ಮಾತಾಡುತ್ತಾಳೆ. ಮುಂಚಿನ ಹಾಗೆ ಕಾಲೆಳೆಯುವುದು ಮಾತ್ರ ಇಲ್ಲ. ಇವರಿಗೆ ಅದೇ ದೊಡ್ಡ ಶಿಕ್ಷೆಯಾಯಿತು.

ಒಂದು ಭಾನುವಾರ ಇವರು ಸಿಮೆಂಟು ಕಲಸಿದರು. ಕಲ್ಲನ್ನು ನಾಲ್ಕೂ ಕಡೆ ಭದ್ರ ಮಾಡಿ, ಒಣಗುವವರೆಗೂ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕಾದರು. ನಮ್ಮನ್ನೆಲ್ಲ ಹಿಂದಿನ ಬಾಗಿಲಿಂದ ಓಡಾಡಿಸಿದರು. ಆಮೇಲೆ ಸೊಸೆಯನ್ನು ಕರೆದು, ತಾವೇ ಕೊಂಡು ತಂದ ಕೆಂಪು ಬಣ್ಣದ ಡಬ್ಬಿ ಅವಳ ಕೈಗಿಟ್ಟರು.

"ಇನ್ನು ಅಲ್ಲಾಡಲ್ಲ ಕಣಮ್ಮ. ಹಾಕ್ಕೋ ನಿನ್ನ ಗುರುತು."

ಅವಳು ಡಬ್ಬಿಯನ್ನೂ ಇವರನ್ನೂ ನೋಡಿದಳು. ಕೂತು, ಹಳೇ ಚೌಕದ ಮೇಲೆಯೇ ನೀಟಾಗಿ ಬಳಿದಳು. ಇವರ ಮುಖ ಅರಳಿತು. ಆ ಸಂಜೆ ಎರಡು ಸಲ ಅನ್ನ ಹಾಕಿಸಿಕೊಂಡರು. ಅಂಗಡಿಗೆ ಬಂದವರಿಗೆಲ್ಲ, ನಮ್ಮ ಸೊಸೆ ನಗರಸಭೆಯವಳು, ಬೀದಿಯ ಲೆಕ್ಕವೆಲ್ಲ ನಮ್ಮ ಮೆಟ್ಟಿಲಿಂದಲೇ ಎಂದು ಹೇಳಿದ್ದೇ ಹೇಳಿದ್ದು.

ಮುಂದಿನ ಭಾನುವಾರ ಸಂಜೆ ನಾನು ಕಸ ಹಾಕಲು ಹೊರಗೆ ಬಂದೆ. ಮೆಟ್ಟಿಲು ನನ್ನ ಕಾಲಿಗೆ ಸರಿಯಾಗಿ ಸಿಕ್ಕಿತು. ಸೊಸೆ ಬೀದಿಯ ನಡುವೆ ಸ್ಟ್ಯಾಂಡು ನೆಟ್ಟು, ಒಮ್ಮೆ ಕಾಲೇಜಿನ ಗೇಟಿನ ಕಡೆ, ಒಮ್ಮೆ ನಮ್ಮ ಕಲ್ಲಿನ ಕಡೆ ಇಣುಕುತ್ತಿದ್ದಳು.

"ಮತ್ತೇನಮ್ಮ ಇದು? ಕೆಲಸ ಮುಗೀತಲ್ಲ?"

"ಏನಿಲ್ಲ ಅತ್ತೆ. ಗುರುತು ಹಾಕಿದ ಜಾಗದಲ್ಲೇ ಇದ್ಯಾ ಅಂತ ನೋಡ್ತಿದ್ದೀನಿ. ವಾರಕ್ಕೊಂದ್ಸಲ ನೋಡ್ಕೋಬೇಕು."

"ಹಾಗಂತ ಮೇಡಂ ಹೇಳ್ಕೊಟ್ಟಿದ್ದಾರಾ?"

ಅವಳು ಸ್ಟ್ಯಾಂಡಿನ ಒಂದು ಕಾಲು ಮಡಚಿದಳು, ಇನ್ನೊಂದು ಮಡಚಿದಳು. ನನ್ನ ಮುಖ ನೋಡಲಿಲ್ಲ.

"ಇಲ್ಲ ಅತ್ತೆ," ಎಂದಳು. "ಇದು ಮೇಡಂ ಹೇಳ್ಕೊಟ್ಟಿದ್ದಲ್ಲ."

ಒಳಗೆ, ಅಂಗಡಿಯಲ್ಲಿ, ಮೆಷಿನ್ನಿನ ಸದ್ದು ನಿಂತಿತ್ತು. ಇವರಿಗೆ ಕೇಳಿಸಿತ್ತು.